ದಾವಣಗೆರೆಯಲ್ಲಿ ಕೈಯಿಂದ ನುಡಿಸುವವರು ಈಗ ಎಲ್ಲಿದ್ದಾರೆ?

ಪೀಜೆ ಬಡಾವಣೆ
ಊರಿನವರಿಗೆ ಒಂದು ಪ್ರಶ್ನೆ. ಡಿಸೆಂಬರ್‌ನಲ್ಲಿ ತಂಗಿಯ ಮದುವೆ. ಆರತಕ್ಷತೆಗೆ ಹಾಡು, ವಾದ್ಯ ಇರಲಿ ಅಂತ ವಿಚಾರಿಸುತ್ತಿದ್ದೇನೆ. ಮಾತಾಡಿಸಿದವರೆಲ್ಲ ಒಂದೇ ಲೆಕ್ಕ ಹೇಳುತ್ತಾರೆ: ಇಬ್ಬರು ಗಾಯಕರು, ಒಂದು ಲ್ಯಾಪ್‌ಟಾಪ್, ಎರಡು ದೊಡ್ಡ ಸ್ಪೀಕರ್. ತಬಲಾ ಯಾರು ನುಡಿಸುತ್ತಾರೆ ಅಂತ ಕೇಳಿದರೆ "ಅದು ಟ್ರ್ಯಾಕ್‌ನಲ್ಲೇ ಬರುತ್ತೆ ಸರ್" ಅನ್ನುತ್ತಾರೆ. ಟ್ರ್ಯಾಕ್ ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯ.

ನಾನು ಬೆಳೆದದ್ದು ಇದೇ ಊರಲ್ಲಿ. ಆಗ ಗಣೇಶನ ಹಬ್ಬ ಬಂತು ಅಂದರೆ ವಾರಗಟ್ಟಲೆ ಒಂದೊಂದು ಪೇಟೆಯಲ್ಲಿ ಒಂದೊಂದು ರಸಮಂಜರಿ. ಮಂಡಿಪೇಟೆಯಲ್ಲಿ ಇವತ್ತು, ಚೌಕಿಪೇಟೆಯಲ್ಲಿ ನಾಳೆ. ಅಕಾರ್ಡಿಯನ್, ಕಾಂಗೋ, ಬಾಂಗೋ, ಗಿಟಾರ್, ತಬಲಾ ಎಲ್ಲ ಕಣ್ಣೆದುರಿಗೇ. ಅಷ್ಟು ಜನ ವಾದ್ಯದವರು ಎಲ್ಲಿ ಹೋದರು? ಈಗಲೂ ನುಡಿಸುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ. ನೆನಪು ಇರುವವರು ಅದನ್ನೂ ಬರೆಯಿರಿ.

ಗುಂಡಿ ಸರ್ಕಲ್
ಟ್ರ್ಯಾಕ್‌ಗೆ ಜೀವ ಇಲ್ಲ. ಅಷ್ಟೇ.

ಗಡಿಯಾರ ಕಂಬ
ನನಗೆ ರಸಮಂಜರಿಗಿಂತ ಜಾಸ್ತಿ ನೆನಪಿರುವುದು ರೆಕಾರ್ಡಿಂಗ್ ಅಂಗಡಿಗಳು. ಒಂದು ಹಾಳೆಯಲ್ಲಿ ಹಾಡಿನ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ ಜೊತೆ ಕೊಟ್ಟು ಬರಬೇಕಿತ್ತು. ಸಿ-60 ಆದರೆ ಒಂದು ಬದಿಗೆ ಅರ್ಧ ಗಂಟೆ. ಏಳು ಹಾಡು ಹಿಡಿಯುತ್ತಿತ್ತು, ಎಂಟನೆಯದು ಹಾಕಿಸಿದರೆ ಪಲ್ಲವಿಯಲ್ಲೇ ಕತ್ತರಿಸಿ ಹೋಗುತ್ತಿತ್ತು. ಹಾಗಾಗಿ ಪಟ್ಟಿ ಮಾಡುವುದೇ ಒಂದು ಕೆಲಸ. ಪಿ.ಬಿ. ಶ್ರೀನಿವಾಸ್ ಎಷ್ಟು, ಎಸ್. ಜಾನಕಿ ಎಷ್ಟು, ರಾಜನ್-ನಾಗೇಂದ್ರ ಎಷ್ಟು ಅಂತ ಅಣ್ಣ-ತಮ್ಮ ಜಗಳ ಆಡಿ ಬರೆಯುತ್ತಿದ್ದೆವು.

ನಾವು ಹೋಗುತ್ತಿದ್ದ ಅಂಗಡಿಯವರು ಪಟ್ಟಿ ಓದಿ ನಮ್ಮ ಮುಖ ನೋಡುತ್ತಿದ್ದರು. "ಈ ಹಾಡು ಆದಮೇಲೆ ಅದು ಬೇಡ, ಎರಡೂ ನಿಧಾನದವು, ಕೇಳುವವರಿಗೆ ನಿದ್ದೆ ಬರುತ್ತೆ" ಅಂತ ತಾವೇ ಅದಲುಬದಲು ಮಾಡುತ್ತಿದ್ದರು. ಹಾಡಿನ ನಡುವೆ ಎಷ್ಟು ಮೌನ ಬಿಡಬೇಕು ಅನ್ನುವುದಕ್ಕೂ ಅವರದೇ ಲೆಕ್ಕ ಇತ್ತು. ಸಂಗೀತ ಕೇಳುವುದನ್ನು ನನಗೆ ಕಲಿಸಿದವರು ಅವರು. ಎಂಪಿ3 ಸಿಡಿ ಬಂದು ಒಂದೇ ತಟ್ಟೆಯಲ್ಲಿ ನೂರಕ್ಕೂ ಜಾಸ್ತಿ ಹಾಡು ಸಿಗಲು ಶುರುವಾದ ಮೇಲೆ ಅಂಗಡಿ ಮೊಬೈಲ್ ಕರೆನ್ಸಿ ಅಂಗಡಿ ಆಯಿತು. ಆಮೇಲೆ ಅದೂ ಇಲ್ಲ.

ಪ್ಯಾಡ್ ಪ್ಲೇಯರ್
ವಾದ್ಯದವರು ಎಲ್ಲಿ ಹೋದರು ಅಂತ ಕೇಳಿದ್ದೀರಿ, ನಾನೇ ಒಬ್ಬ ಇದ್ದೇನೆ. ಈಗ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದೇನೆ.

ಲೆಕ್ಕ ಸರಳ. ಒಂದು ಒಳ್ಳೆಯ ಆರ್ಕೆಸ್ಟ್ರಾ ಅಂದರೆ ಹತ್ತು-ಹನ್ನೆರಡು ಜನ. ವ್ಯಾನ್ ಬಾಡಿಗೆ, ಮೈಕ್ ಸೆಟ್, ಊಟ ಕಳೆದು ಉಳಿದದ್ದು ಹಂಚಿಕೊಳ್ಳಬೇಕು. 80ರ ದಶಕದ ಕೊನೆಯ ಹೊತ್ತಿಗೆ ರೋಲ್ಯಾಂಡ್ ಆಕ್ಟೋಪ್ಯಾಡ್ ಅನ್ನುವ, ಕೋಲಿನಿಂದ ಬಡಿದು ನುಡಿಸುವ ಎಲೆಕ್ಟ್ರಾನಿಕ್ ವಾದ್ಯ ನಮ್ಮ ಕಡೆಗೂ ಬಂತು. ಒಂದು ಪ್ಯಾಡ್‌ನಲ್ಲಿ ಢೋಲಕ್, ಕಾಂಗೋ, ಡ್ರಮ್ಸ್ ಮೂರೂ ಬರುತ್ತಿತ್ತು. ಹಂಸಲೇಖ ಅವರ ಹಾಡುಗಳಿಗೆ ಆ ಶಬ್ದ ಬೇಕೇ ಬೇಕಿತ್ತು, ಜನ ಸಿನಿಮಾದಲ್ಲಿ ಕೇಳಿದ್ದನ್ನೇ ವೇದಿಕೆ ಮೇಲೂ ಕೇಳುತ್ತಿದ್ದರು. ನಾನು ಪ್ಯಾಡ್ ಕಲಿತೆ. ಆ ದಿನವೇ ನಮ್ಮ ತಂಡದ ಇಬ್ಬರಿಗೆ ಕೆಲಸ ಕಮ್ಮಿ ಆಯಿತು. ಮುಂದೆ ಕೀಬೋರ್ಡ್‌ನಲ್ಲೇ ರಿದಮ್ ಬಂತು, ಆಗ ನನಗೆ ಕಮ್ಮಿ ಆಯಿತು. ಈಗ ಟ್ರ್ಯಾಕ್ ಬಂದು ಕೀಬೋರ್ಡ್‌ನವರಿಗೂ ಕಮ್ಮಿ. ಟ್ರ್ಯಾಕ್ ಒಂದೇ ಸಲಕ್ಕೆ ಬಂದು ಎಲ್ಲರನ್ನೂ ಓಡಿಸಿಲ್ಲ, ಒಬ್ಬೊಬ್ಬರನ್ನೇ ಇಳಿಸಿದೆ.

ಇನ್ನೊಂದು ಕಾರಣ ರಾತ್ರಿ 10ರ ನಿಯಮ. ಮೊದಲು ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಗಿನ ಜಾವದವರೆಗೆ ನಡೆಯುತ್ತಿತ್ತು. ಜನ ಊಟ ಮುಗಿಸಿ ಚಾಪೆ ತಂದು ಕೂರುತ್ತಿದ್ದರು. ಹತ್ತಕ್ಕೆ ಮೈಕ್ ನಿಲ್ಲಿಸಿ ಅಂದರೆ ಶುರು ಮಾಡುವುದು ಯಾವಾಗ?

ನಿಟುವಳ್ಳಿ ನೋಟ
ನಿಯಮವನ್ನು ಬೈಯಬೇಡಿ. 2000ದಲ್ಲಿ ಶಬ್ದ ಮಾಲಿನ್ಯ ನಿಯಮ ಬಂದದ್ದು ಸುಮ್ನೆ ಅಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದರು. ಬೀದಿಯ ಕೊನೆಯ ಹಾರ್ನ್ ಸ್ಪೀಕರ್ ನಮ್ಮ ಕಿಟಕಿಗೆ ಮುಖ ಮಾಡಿತ್ತು. ನಿಮಗೆ ನೆನಪು ಸಿಹಿ, ನಮಗೆ ಆ ಹದಿನೈದು ದಿನ ನರಕ.

ಪ್ಯಾಡ್ ಪ್ಲೇಯರ್
ಅಜ್ಜಿಯ ಕಷ್ಟ ಒಪ್ಪುತ್ತೇನೆ. ಆದರೆ ಅದೇ ನಿಯಮದಲ್ಲಿ ವರ್ಷಕ್ಕೆ ಹದಿನೈದು ದಿನ ಮೀರದಂತೆ ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ. ಮತ್ತೆ ಈಗಿನ ಮೆರವಣಿಗೆಯ ಡಿಜೆಯಲ್ಲಿ ಲಾರಿ ತುಂಬ ಬಾಸ್ ಬಾಕ್ಸ್ ಇರುತ್ತವೆ, ಮನೆಯ ಪಾತ್ರೆ ನಡುಗುತ್ತವೆ. ನಮ್ಮ ಕಾಲದ ಅಹುಜಾ ಆಂಪ್ಲಿಫೈಯರ್, ನಾಲ್ಕು ಹಾರ್ನ್‌ಗೆ ಅಷ್ಟು ತಾಕತ್ತೇ ಇರಲಿಲ್ಲ. ವಾದ್ಯದವರ ಮೇಲೆ ಬಿದ್ದ ನಿಯಮ ಡಿಜೆ ಮೇಲೂ ಅಷ್ಟೇ ಬಿಗಿಯಾಗಿ ಬೀಳಲಿ.

ನಿಟುವಳ್ಳಿ ನೋಟ
ಡಿಜೆ ವಿಷಯದಲ್ಲಿ ನಿಮ್ಮ ಪರ.

ಮಿಲ್ ಕಾಲೋನಿ ಮಗಳು
ಎಲ್ಲರೂ ವೇದಿಕೆಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಈ ಊರಿನ ಸಂಗೀತಕ್ಕೆ ಕಾಸು ಕೊಡುತ್ತಿದ್ದವರು ಯಾರು? ಮಿಲ್ ಕೆಲಸಗಾರರು. "ಕರ್ನಾಟಕದ ಮ್ಯಾಂಚೆಸ್ಟರ್" ಅಂತ ಪುಸ್ತಕದಲ್ಲಿ ಬರೆದರು, ಆ ಮ್ಯಾಂಚೆಸ್ಟರ್‌ನ ಸಂಜೆ ಹೇಗಿತ್ತು ಅಂತ ಯಾರೂ ಬರೆಯಲಿಲ್ಲ.

ನಮ್ಮಪ್ಪ ಸ್ಪಿನ್ನಿಂಗ್ ಖಾತೆಯಲ್ಲಿದ್ದರು. ಸೈರನ್ ಮೇಲೆಯೇ ಇಡೀ ಬೀದಿಯ ಅಡುಗೆ, ಸ್ನಾನ, ನಿದ್ದೆ. ಶಿಫ್ಟ್ ಮುಗಿಸಿ ಬಂದು ಕೈಕಾಲು ತೊಳೆದು, ಕೂದಲಿಗೆ ಅಂಟಿದ ಹತ್ತಿ ತೆಗೆಯುತ್ತಾ ಭಜನೆ ಮನೆಗೆ ಹೋಗುತ್ತಿದ್ದರು. ಒಂದು ಹಾರ್ಮೋನಿಯಂ, ಒಂದು ತಬಲಾ ಜೋಡಿ, ನಾಲ್ಕಾರು ಜೊತೆ ತಾಳ. ಎಲ್ಲ ಚಂದಾ ಎತ್ತಿ ತಂದದ್ದು. ದಿನವಿಡೀ ಯಂತ್ರದ ಸದ್ದಿನಲ್ಲಿ ಕೂಗಿ ಮಾತಾಡಿದ ಗಂಟಲು, ಹಾಗಾಗಿ ಎಲ್ಲರದೂ ಏರು ಶ್ರುತಿ. ಹಾರ್ಮೋನಿಯಂನ ಕರಿ ಎರಡನೇ ಮನೆಗಿಂತ ಕೆಳಗೆ ಯಾರೂ ಇಳಿಯುತ್ತಿರಲಿಲ್ಲ. ಬಸವಣ್ಣನ ವಚನ, ಶರೀಫರ ತತ್ವಪದ, ನಡುವೆ ಕಮ್ಯುನಿಸ್ಟ್ ನಾಯಕ ಪಂಪಾಪತಿಯವರ ಚುನಾವಣೆ ಬಂದರೆ ಕೆಂಬಾವುಟದ ಹಾಡು. ಅದೇ ಬಾಯಿ, ಅದೇ ತಾಳ. ಪಕ್ಕದ ಬೀದಿಯಲ್ಲಿ ಉರುಸ್‌ಗೆ ಕವ್ವಾಲಿ ಆದರೆ ಭಜನೆಯ ತಬಲಾದವರೇ ಹೋಗಿ ಕೂರುತ್ತಿದ್ದರು.

ಮಿಲ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು. ಬಾಕಿ ಹಣಕ್ಕೆ ಅಲೆದು ಅಲೆದು ಸಾಕಾಗಿ ಅಪ್ಪ ಹಾಡುವುದನ್ನೇ ಬಿಟ್ಟರು. ಸಂಬಳದ ದಿನ ಇಲ್ಲದ ಮೇಲೆ ಚಂದಾ ಎಲ್ಲಿಂದ? ಭಜನೆ ಮನೆಯ ಹಾರ್ಮೋನಿಯಂ ಯಾರ ಮನೆಯ ಅಟ್ಟದಲ್ಲಿದೆಯೋ. ಪ್ಯಾಡ್ ಪ್ಲೇಯರ್ ಅವರೇ, ನಿಮ್ಮ ಲೆಕ್ಕಕ್ಕೆ ಇದನ್ನೂ ಸೇರಿಸಿ. ಯಂತ್ರ ಬಂದದ್ದು ಒಂದು ಕಾರಣ, ಕೇಳುವವರ ಜೇಬು ಖಾಲಿಯಾದದ್ದು ಇನ್ನೊಂದು.

ಗಡಿಯಾರ ಕಂಬ
ಅಕ್ಕ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಆವರಗೆರೆ
ಕೆಂಬಾವುಟದ ಹಾಡು ನಿಂತಿಲ್ಲ. ಜನರ ನಾಟಕ, ಹಾಡಿನ ಸಂಘಟನೆ ಇಪ್ಟಾದವರು ಈಗಲೂ ದಮಡಿ ವಾದ್ಯ ಹಿಡಿದು ಹಾಡುತ್ತಾರೆ, ಮೈಕ್ ಇಲ್ಲದೆಯೂ ಹಾಡುತ್ತಾರೆ. ಬಂದು ಕೇಳಿ.

ಹರಿಹರದ ಹೊಳೆದಂಡೆ
ನಮ್ಮ ಕಡೆಯ ಕಿವಿ ಹೇಗೆ ತಯಾರಾಯಿತು ಅಂತ ತಿಳಿಯಬೇಕಾದರೆ ಹಳೆಯ ರೇಡಿಯೋದ ಮುಳ್ಳು ನೋಡಬೇಕು. ಮೀಡಿಯಂ ವೇವ್‌ನಲ್ಲಿ 612 ಬೆಂಗಳೂರು, 675 ಭದ್ರಾವತಿ, 765 ಧಾರವಾಡ. ಮೂರೂ ಸಾಲಾಗಿ. ಮುಳ್ಳನ್ನು ಎಡಕ್ಕೆ ಸರಿಸಿದರೆ ಕರ್ನಾಟಕಿಯ ವೀಣೆ, ಮೃದಂಗ. ಬಲಕ್ಕೆ ಸರಿಸಿದರೆ ಹಿಂದೂಸ್ತಾನಿ ಹಾಡುವ ಮನ್ಸೂರರು, ಗಂಗೂಬಾಯಿ, ರಾಜಗುರು. ನಡುವೆ ಭದ್ರಾವತಿಯಲ್ಲಿ ಚಿತ್ರಗೀತೆ, ಭಾವಗೀತೆ, ಜಾನಪದ. ಮೈಸೂರಿನವರಿಗೂ ಹುಬ್ಬಳ್ಳಿಯವರಿಗೂ ಇಷ್ಟು ಸಲೀಸಾಗಿ ಎರಡೂ ಸಿಗುತ್ತಿರಲಿಲ್ಲ. ನಮ್ಮ ಅಜ್ಜ ತ್ಯಾಗರಾಜರ ಕೃತಿಯನ್ನೂ ಗುನುಗುತ್ತಿದ್ದರು, ಭೀಮಪಲಾಸ್ ರಾಗವನ್ನೂ ಗುರುತು ಹಿಡಿಯುತ್ತಿದ್ದರು. ಯಾವುದು ಯಾವ ಪದ್ಧತಿ ಅಂತ ಅವರಿಗೆ ಯೋಚನೆಯೇ ಇರಲಿಲ್ಲ.

ಎಂಸಿಸಿ ಬಿ ಬ್ಲಾಕ್
ತುಂಗಭದ್ರೆ ದಾಟಿದರೆ ಹಿಂದೂಸ್ತಾನಿ, ಈಚೆಗೆ ಕರ್ನಾಟಕಿ. ಗಡಿಯೇ ಹರಿಹರ. ಹಾಗಾಗಿ ದಾವಣಗೆರೆ ಕರ್ನಾಟಕಿ ಊರು.

ಹರಿಹರದ ಹೊಳೆದಂಡೆ
ಹೊಳೆಯನ್ನು ಗೆರೆ ಮಾಡಬೇಡಿ ಮಾರಾಯ್ರೇ. ಹಾಗಾದರೆ ದಾವಣಗೆರೆಯಲ್ಲಿ ಪಂಚಾಕ್ಷರ ಗವಾಯಿಗಳ ಪರಂಪರೆಯ, ಸಂಗೀತ ಕಲಿಸುವ ಪುಣ್ಯಾಶ್ರಮ ಯಾಕಿದೆ?

ತಬಲಾ ಮೇಷ್ಟ್ರು
ಇಬ್ಬರೂ ಅರ್ಧ ಹೇಳುತ್ತಿದ್ದೀರಿ. ಪಂಚಾಕ್ಷರ ಗವಾಯಿಗಳು ಎರಡೂ ಪದ್ಧತಿ ಕಲಿತವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಹಾಗೇ, ಎರಡನ್ನೂ ಹಾಡಿದರು, ಕಲಿಸಿದರು. ಕಣ್ಣಿಲ್ಲದ ಮಕ್ಕಳಿಗೆ ಅನ್ನ, ವಿದ್ಯೆ ಎರಡೂ ಕೊಟ್ಟ ಪರಂಪರೆ ಅದು. ಗದಗಿನ ಆಶ್ರಮ ನಡೆಸಲು ಹಣ ಸಾಲದೆ ನಾಟಕ ಕಂಪನಿಯನ್ನೇ ಕಟ್ಟಿದ್ದರು. ಕಂಪನಿ ಊರೂರು ತಿರುಗಿ ತಂದ ದುಡ್ಡಿನಲ್ಲಿ ಮಕ್ಕಳು ಊಟ ಮಾಡಿದರು, ರಾಗ ಕಲಿತರು.

ಮೂಲ ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ: ಲ್ಯಾಪ್‌ಟಾಪ್‌ನವರನ್ನು ಬಿಡಿ. ಬಾಡಾ ಕ್ರಾಸ್ ಹತ್ತಿರದ ಪುಣ್ಯಾಶ್ರಮಕ್ಕೆ ಒಂದು ಸಲ ಹೋಗಿ ಬನ್ನಿ, ಸಂಜೆ ಪಾಠದ ಹೊತ್ತಿಗೆ. ಹಾರ್ಮೋನಿಯಂ, ತಬಲಾ, ಪಿಟೀಲು ಕಲಿತವರು ಅಲ್ಲಿ ಸಿಗುತ್ತಾರೆ. ವಚನ, ದಾಸರ ಪದ, ಭಾವಗೀತೆ ಎಲ್ಲ ಹಾಡುತ್ತಾರೆ. ಒಂದೇ ಮಾತು: ಡಿಜೆಗೆ ಕೊಡುವಷ್ಟೇ ಹಣ ಇವರಿಗೂ ಕೊಡಿ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕೈತೊಳೆದುಕೊಂಡವರನ್ನು ಬಹಳ ನೋಡಿದ್ದೇನೆ.

ಪೀಜೆ ಬಡಾವಣೆ
ಖಂಡಿತ ಹೋಗುತ್ತೇನೆ ಮೇಷ್ಟ್ರೇ. ಹಣದ ವಿಷಯ ನನ್ನ ಜವಾಬ್ದಾರಿ.

ದುರ್ಗದವನು
ನೀವು ದಾವಣಗೆರೆಯವರು 1997ರಲ್ಲಿ ಬೇರೆ ಜಿಲ್ಲೆ ಮಾಡಿಕೊಂಡಿರಿ, ಅಲ್ಲಿಗೆ ನಮ್ಮ ಚಿತ್ರದುರ್ಗವನ್ನು ಮರೆತುಬಿಟ್ಟಿರಿ. ಸಂಗೀತ ಅಂದರೆ ಪೇಟೆಯದೇ ಅಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಪದ ಎದೆಯಲ್ಲಿ ಇಟ್ಟುಕೊಂಡಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಕರೆದು ನಾಡೋಜ ಕೊಟ್ಟಿತು. ಕಾಡುಗೊಲ್ಲರ ಗಣೆ ಕೇಳಿದ್ದೀರಾ? ಉದ್ದನೆಯ ಬಿದಿರಿನ ಕೊಳಲು. ಜುಂಜಪ್ಪನ ಕಥೆ ಹೇಳುವಾಗ ನುಡಿಸುತ್ತಾರೆ. ಉಸಿರೂ ಸ್ವರವೂ ಒಟ್ಟಿಗೆ ಕೇಳುತ್ತದೆ. ಅದಕ್ಕೆ ಟ್ರ್ಯಾಕ್ ಮಾಡಲಿ ನೋಡೋಣ.

ಮಂಡಿಪೇಟೆ ಮಂಡಕ್ಕಿ
ಜಿಲ್ಲೆ ಬೇರೆ ಆದರೇನು, ಸಿರಿಗೆರೆ ಮಠದ ತರಳಬಾಳು ಹುಣ್ಣಿಮೆ ಉತ್ಸವ ಇಬ್ಬರದೂ ಅಲ್ವಾ? 1950ರಲ್ಲಿ ಜಗಳೂರಿನಲ್ಲಿ ಶುರುವಾದದ್ದು, ವರ್ಷಕ್ಕೊಂದು ಊರು. ಅಲ್ಲಿ ಹತ್ತು ಸಾವಿರ ಜನ ನೆಲದ ಮೇಲೆ ಕೂತು ವಚನ ಕೇಳುವಾಗ ಒಬ್ಬರೂ ಏಳುವುದಿಲ್ಲ.

ದುರ್ಗದವನು
ಒಪ್ಪಿದೆ. ಸಿರಿಗೆರೆ ನಮ್ಮ ಜಿಲ್ಲೆಯದು ಅನ್ನುವುದನ್ನೂ ಸೇರಿಸಿ.

ವಸಂತ ಟಾಕೀಸ್
ಕಂಪನಿ ನಾಟಕದ ಮಾತು ಬಂತಲ್ಲ, ಬೆಣ್ಣೆದೋಸೆಯ ಕಥೆ ಹೇಳದೆ ಹೇಗೆ ಬಿಡಲಿ. 1928ರಲ್ಲಿ ಬೆಳಗಾವಿ ಕಡೆಯಿಂದ ಚೆನ್ನಮ್ಮ ಅನ್ನುವವರು ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದು, ಸಾವಳಗಿ ನಾಟಕದ ಥಿಯೇಟರ್ ಮುಂದೆ ದೋಸೆ ಹಾಕಲು ಶುರು ಮಾಡಿದರು ಅಂತ ಊರಿನವರು ಹೇಳುತ್ತಾರೆ. ಆಗ ಬೆಣ್ಣೆ ಇರಲಿಲ್ಲ, ಅದು ಮಕ್ಕಳ ಕಾಲದಲ್ಲಿ ಸೇರಿದ್ದು. ನಾಟಕ ನೋಡಲು ಬಂದವರ ಹಸಿವಿನಿಂದ ಈ ಊರಿನ ದೋಸೆ ಬೆಳೆಯಿತು.

ಚಿಂದೋಡಿ ಲೀಲಾ ಅವರನ್ನು ಇನ್ನೂ ಯಾರೂ ನೆನೆಯಲಿಲ್ಲ! ನಮ್ಮ ಊರಿನವರು. ತಂದೆ ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಮುಂದುವರಿಸಿದವರು. 1988ರಲ್ಲಿ ಪದ್ಮಶ್ರೀ ಬಂತು. ಕಂಪನಿ ನಾಟಕದಲ್ಲಿ ವೇದಿಕೆಯ ಮುಂದೆ, ತಗ್ಗಿನಲ್ಲಿ ಕಾಲು ಹಾರ್ಮೋನಿಯಂ ಇರುತ್ತಿತ್ತು. ಮೇಷ್ಟ್ರು ಎರಡೂ ಕಾಲಲ್ಲಿ ಪೆಡಲ್ ಒತ್ತುತ್ತಾ ಎರಡೂ ಕೈಯಲ್ಲಿ ನುಡಿಸುತ್ತಿದ್ದರು. ಕಣ್ಣು ಮಾತ್ರ ಪಾತ್ರಧಾರಿಯ ಮೇಲೆ. ನಟ ಮಾತು ಮರೆತರೆ ಒಂದು ಸ್ವರ ಎಳೆದು ಹಿಡಿದು ಕಾಪಾಡುತ್ತಿದ್ದರು. "ಒನ್ಸ್ ಮೋರ್" ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕಿತ್ತು. ಜನ ಆ ಹಾಡಿಗೆ ಕೊಟ್ಟ ಮರ್ಯಾದೆ ಅದು.

ಎಂಸಿಸಿ ಬಿ ಬ್ಲಾಕ್
ದೋಸೆಗೆ ಚರ್ಚೆ ಬಂತು ಅಂದರೆ ಇನ್ನು ಮುಗಿಯಲ್ಲ. ಯಾವ ಹೋಟೆಲ್ ಒಳ್ಳೆಯದು ಅಂತ ಯಾರೂ ಶುರು ಮಾಡಬೇಡಿ, ಕೈಮುಗಿಯುತ್ತೇನೆ.

ಬಿಐಇಟಿ 2021
ಹಿರಿಯರಿಗೆ ನಮಸ್ಕಾರ. ಒಂದು ವಿಷಯ ಬೇಜಾರಾಗಿ ಹೇಳುತ್ತಿದ್ದೇನೆ. ಈಗಿನವರಿಗೆ ಸಂಗೀತ ಬೇಡ ಅನ್ನುವ ಹಾಗೆ ಬರೆಯುತ್ತಿದ್ದೀರಿ. ನಮ್ಮ ಗೆಳೆಯರ ಬ್ಯಾಂಡ್‌ನಲ್ಲಿ ಐದು ಜನ. ಗಿಟಾರ್, ಬಾಸ್, ಕಹೋನ್ (ಕೈಯಿಂದ ಬಡಿಯುವ ಪೆಟ್ಟಿಗೆ ವಾದ್ಯ), ಕೊಳಲು, ಹಾಡು. ಲ್ಯಾಪ್‌ಟಾಪ್ ಇಲ್ಲ. ಜಾಗ ಇಲ್ಲದ್ದೇ ನಮ್ಮ ಕಷ್ಟ. ಬಾಡಿಗೆ ಮನೆಯಲ್ಲಿ ಅಭ್ಯಾಸ ಮಾಡಿದರೆ ಮಾಲೀಕರು ಬೈಯುತ್ತಾರೆ. ಊರಲ್ಲಿ ಇರುವ ಸಭಾಂಗಣಗಳು ದೊಡ್ಡವು, ಬಾಡಿಗೆ ನಮ್ಮ ಕೈಗೆ ಎಟುಕುವುದಿಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಯ ಮೊದಲ 20 ಊರುಗಳಲ್ಲಿ ನಮ್ಮದೂ ಬಂತು. ರಸ್ತೆ, ದೀಪ, ಬಸ್ ಸ್ಟ್ಯಾಂಡ್ ಎಲ್ಲ ಆಯಿತು, ನೂರು ಜನ ಕೂತು ಹಾಡು ಕೇಳುವಂಥ ಒಂದು ಚಿಕ್ಕ ಕೋಣೆ ಸಿಗುವುದಿಲ್ಲ. ಕುಂದುವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ಹೋಗಿ ನುಡಿಸುತ್ತೇವೆ. ವಾಕಿಂಗ್ ಬಂದವರು ನಿಂತು ಕೇಳುತ್ತಾರೆ.

ಪ್ಯಾಡ್ ಪ್ಲೇಯರ್
ತಮ್ಮಾ, ನನ್ನ ಅಂಗಡಿಯ ಮೇಲಿನ ಗೋಡೌನ್ ಭಾನುವಾರ ಖಾಲಿ. ಬಂದು ಅಭ್ಯಾಸ ಮಾಡಿ. ಬಾಡಿಗೆ ಬೇಡ. ನಾನೂ ಒಂದು ಮೂಲೆಯಲ್ಲಿ ಕೂರುತ್ತೇನೆ.

ಬಿಐಇಟಿ 2021
ಸರ್ ನಿಜವಾಗಲೂ? ಈ ಭಾನುವಾರವೇ ಬರುತ್ತೇವೆ.

ದೇವರಾಜ ಅರಸು ಬಡಾವಣೆ
ಹೆಣ್ಣುಮಕ್ಕಳ ಮಾತು ಯಾರೂ ಎತ್ತಲಿಲ್ಲ. ನನಗೆ ಹದಿನೆಂಟು ತುಂಬುವ ಮೊದಲೇ ಜಾನಕಿಯಮ್ಮನ ಹಾಡು ಹಾಡುತ್ತಿದ್ದೆ. ಆರ್ಕೆಸ್ಟ್ರಾದವರು ಮನೆಗೆ ಬಂದು ಕೇಳಿದರು. ರಾತ್ರಿಯಿಡೀ ಗಂಡಸರ ವ್ಯಾನ್‌ನಲ್ಲಿ ತಿರುಗುವುದು ಅಂತ ಮನೆಯಲ್ಲಿ ಒಪ್ಪಲಿಲ್ಲ. ಹಾಡಲು ಹೋದ ನನ್ನ ಗೆಳತಿಗೆ ಗಂಡು ನೋಡುವಾಗ "ಆರ್ಕೆಸ್ಟ್ರಾ ಹುಡುಗಿ" ಅಂದರು. ಹಳೆಯ ಕಾಲ ಚೆನ್ನಾಗಿತ್ತು ಅನ್ನುವಾಗ ಇದೂ ನೆನಪಿರಲಿ.

ನನ್ನ ಹಾಡು ನಿಲ್ಲಲಿಲ್ಲ ಅನ್ನುವುದು ಬೇರೆ ಮಾತು. ಬಡಾವಣೆಯ ಮಹಿಳಾ ಭಜನಾ ಮಂಡಳಿಯಲ್ಲಿ ಈಗಲೂ ಹಾಡುತ್ತೇನೆ. ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ 1992ರಲ್ಲಿ ಇಲ್ಲೇ ಸಾಹಿತ್ಯ ಸಮ್ಮೇಳನ ನಡೆದಾಗಿನಿಂದ ಭಾವಗೀತೆಯ ಹುಚ್ಚು ಹಿಡಿದದ್ದು, ಇನ್ನೂ ಬಿಟ್ಟಿಲ್ಲ. ಮದುವೆಗೆ ಸೋಬಾನೆ ಪದ ಬೇಕಾದರೆ ಹೇಳಿ, ನಮ್ಮ ಮಂಡಳಿಯಲ್ಲಿ ಅರಿಶಿಣದ ಪದದಿಂದ ಹೆಣ್ಣೊಪ್ಪಿಸುವ ಪದದವರೆಗೆ ಬಲ್ಲವರಿದ್ದಾರೆ. ಇದಕ್ಕೆ ಮೈಕೂ ಬೇಡ.

ಮಿಲ್ ಕಾಲೋನಿ ಮಗಳು
ಹೆಣ್ಣೊಪ್ಪಿಸುವ ಪದ ನನಗೆ ಕಲಿಸುತ್ತೀರಾ? ನಮ್ಮಮ್ಮ ಹಾಡುತ್ತಿದ್ದರು. ಮೂರನೇ ನುಡಿಯ ನಂತರ ನನಗೆ ಬರುವುದಿಲ್ಲ.

ದೇವರಾಜ ಅರಸು ಬಡಾವಣೆ
ಮಂಗಳವಾರ ಸಂಜೆ ಬನ್ನಿ.

ಗಡಿಯಾರ ಕಂಬ
ಇಷ್ಟೆಲ್ಲ ಓದಿ ಅಟ್ಟ ಹತ್ತಿದೆ. ಒಂದು ರಟ್ಟಿನ ಡಬ್ಬ ತುಂಬ ಕ್ಯಾಸೆಟ್ ಇವೆ. ಅದರಲ್ಲಿ ಕೆಲವು ನಮ್ಮ ಬೀದಿಯ ರಸಮಂಜರಿಯದ್ದೇ, ಮಿಕ್ಸರ್‌ನಿಂದ ನೇರ ರೆಕಾರ್ಡ್ ಮಾಡಿದ್ದು. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಒಂದನ್ನು ಹಾಕಿದೆ, ಮಂಕಾಗಿ ಕೇಳುತ್ತಿದೆ. ತಾಳದ ಸದ್ದೇ ಇಲ್ಲ. ಹಾಳಾಗಿದೆಯಾ?

ತಬಲಾ ಮೇಷ್ಟ್ರು
ದಯವಿಟ್ಟು ಬೂಷ್ಟು ಹಿಡಿದದ್ದನ್ನು ಪ್ಲೇಯರ್‌ಗೆ ಹಾಕಬೇಡಿ. ಟೇಪ್ ಓದುವ ಹೆಡ್‌ಗೆ ಅಂಟಿ ಬೇರೆ ಕ್ಯಾಸೆಟ್‌ಗೂ ಹರಡುತ್ತದೆ.

ಪ್ಯಾಡ್ ಪ್ಲೇಯರ್
ಮಂಕಾಗಿ ಕೇಳಿದರೆ ಟೇಪ್ ಹೋಗಿದೆ ಅಂತ ಅಲ್ಲ. ಬಹಳ ಸಲ ಹೆಡ್‌ನ ಓರೆ ಕೋನ ಹೊಂದಿರುವುದಿಲ್ಲ. ರೆಕಾರ್ಡ್ ಮಾಡಿದ ಡೆಕ್‌ನ ಹೆಡ್ ಒಂದು ಕೋನದಲ್ಲಿ, ನಿಮ್ಮದು ಇನ್ನೊಂದು ಕೋನದಲ್ಲಿ ಇದ್ದರೆ ಮೊದಲು ಹೋಗುವುದೇ ತಾಳ, ಗೆಜ್ಜೆ, ಸಿಂಬಲ್‌ನಂಥ ಚೂಪು ಶಬ್ದ. ಹೆಡ್ ಪಕ್ಕ ಒಂದು ಸಣ್ಣ ಸ್ಕ್ರೂ ಇದೆ, ಸ್ಪ್ರಿಂಗ್ ಇರುವ ಕಡೆ. ಹಾಡು ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ತಿರುಗಿಸಿ. ಒಂದು ಜಾಗದಲ್ಲಿ ತಾಳ ಫಳಾರ್ ಅಂತ ಎದ್ದು ಬರುತ್ತದೆ. ಅಲ್ಲಿ ನಿಲ್ಲಿಸಿ. ಅದಕ್ಕೂ ಮೊದಲು ಹೆಡ್, ರಬ್ಬರ್ ರೋಲರ್ ಎರಡನ್ನೂ ಒರೆಸಿ, ಹೆಡ್‌ಗೆ ಸ್ಪಿರಿಟ್, ರಬ್ಬರ್‌ಗೆ ನೀರು ಸಾಕು. ಬೆಲ್ಟ್ ಸಡಿಲ ಆಗಿದ್ದರೆ ಶ್ರುತಿ ತೇಲುತ್ತದೆ, ಬದಲಿಸಿ. ಸಿ-90 ಇದ್ದರೆ ಜೋಪಾನ, ಆ ಟೇಪ್ ತೆಳ್ಳಗೆ, ಬೇಗ ಸುತ್ತಿಕೊಳ್ಳುತ್ತದೆ. ಕಂಪ್ಯೂಟರ್‌ಗೆ ಇಳಿಸುವಾಗ ಎಂಪಿ3 ಬೇಡ, ವೇವ್ ಫೈಲ್ ಮಾಡಿ.

ಸ್ಕ್ರೂ ಮುಟ್ಟಲು ಧೈರ್ಯ ಇಲ್ಲದಿದ್ದರೆ ಡಬ್ಬವನ್ನೇ ಅಂಗಡಿಗೆ ತನ್ನಿ. ಹುಡುಗರು ಭಾನುವಾರ ಬರುತ್ತಾರಲ್ಲ, ಅವರಿಗೂ ಕೆಲಸ ಕಲಿತ ಹಾಗಾಗುತ್ತದೆ.

ಗಡಿಯಾರ ಕಂಬ
ತರುತ್ತೇನೆ. ಒಂದು ಕ್ಯಾಸೆಟ್ ಮೇಲೆ "ಚೌಕಿಪೇಟೆ ಗಣಪತಿ" ಅಂತಷ್ಟೇ ಇದೆ. ಹಾಡಿದವರ ಹೆಸರು ಇದೆ, ನುಡಿಸಿದವರದು ಒಬ್ಬರದೂ ಇಲ್ಲ.

ಪ್ಯಾಡ್ ಪ್ಲೇಯರ್
ಕೇಳಿಸಿ, ಕೈ ಯಾರದು ಅಂತ ಹೇಳುತ್ತೇನೆ. ಕಾಂಗೋ ನುಡಿಸುತ್ತಿದ್ದವರು ಇಬ್ಬರೇ, ಇಬ್ಬರ ಹೊಡೆತವೂ ನನಗೆ ಗೊತ್ತು. ಒಂದು ನೋಟ್‌ಬುಕ್ ಇಟ್ಟುಕೊಂಡು ಬನ್ನಿ.